ಪಟ್ಟಕದಿಂದ ಗೋಳದವರೆಗೆ: ಘನಾಕೃತಿಗಳನ್ನು ಹಾಳೆಗೆ ಇಳಿಸುವ ಕ್ರಮ

ಘನಾಕೃತಿಯೊಂದನ್ನು ಹಾಳೆಗೆ ಇಳಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಬೇಕು: ಕಣ್ಣು ಎಲ್ಲಿದೆ, ಸಮತಲ ಎಲ್ಲಿದೆ? ಕಣ್ಣಿನಿಂದ ವಸ್ತುವಿನ ಪ್ರತಿ ಬಿಂದುವಿನ ಮೂಲಕ ಹೊರಟ ಗೆರೆ ಸಮತಲವನ್ನು ಎಲ್ಲಿ ಮುಟ್ಟುತ್ತದೆಯೋ ಅದೇ ಆ ಬಿಂದುವಿನ ಪ್ರಕ್ಷೇಪ. ಕಣ್ಣು ಅನಂತ ದೂರದಲ್ಲಿದ್ದರೆ ಗೆರೆಗಳೆಲ್ಲ ಸಮಾಂತರವಾಗುತ್ತವೆ. ಅವು ಸಮತಲಕ್ಕೆ ಲಂಬವಾಗಿಯೂ ಇದ್ದರೆ ಅದನ್ನು ಲಂಬ ಪ್ರಕ್ಷೇಪವೆನ್ನುತ್ತೇವೆ. ಕಣ್ಣು ಹತ್ತಿರ ಬಂದರೆ ಗೆರೆಗಳು ಒಂದೇ ಬಿಂದುವಿನಿಂದ ಹರಡಿಕೊಳ್ಳುತ್ತವೆ. ಯಂತ್ರದ ಬಿಡಿಭಾಗದ ಡ್ರಾಯಿಂಗ್‌ಗೂ ಆಕಾಶದ ನಕ್ಷೆಗೂ ಇರುವ ಮೂಲ ವ್ಯತ್ಯಾಸ ಇಷ್ಟೇ. ಇವೆರಡನ್ನೂ ನಮ್ಮ ಪಠ್ಯಗಳು ಬೇರೆ ಬೇರೆ ವಿಷಯಗಳಲ್ಲಿ ಕಲಿಸುವುದರಿಂದ, ಷಡ್ಭುಜ ಪಟ್ಟಕದ ಮೂರು ನೋಟಗಳನ್ನು ಸರಾಗವಾಗಿ ಎಳೆಯುವ ವಿದ್ಯಾರ್ಥಿಯೂ ಗೋಳದ ನಕ್ಷೆ ಎಂದೊಡನೆ ಸೂತ್ರ ಹುಡುಕತೊಡಗುತ್ತಾನೆ. ಹಾಗೆ ಹುಡುಕುವ ಅಗತ್ಯವಿಲ್ಲ. ಪಟ್ಟಕಕ್ಕೆ ಬಳಸುವ ಎರಡು ನೋಟಗಳ ಕ್ರಮವೇ ಗೋಳಕ್ಕೂ ಸಾಲುತ್ತದೆ ಎಂಬುದನ್ನು ಈ ಬರಹದಲ್ಲಿ ಗೆರೆ ಗೆರೆಯಾಗಿ ತೋರಿಸುತ್ತೇನೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಡ್ರಾಯಿಂಗ್ ಬೋರ್ಡ್, ಮಿನಿ ಡ್ರಾಫ್ಟರ್ ಅಥವಾ ಒಂದು ಜೊತೆ ಸೆಟ್ ಸ್ಕ್ವೇರ್, ಕೈವಾರ, ಕೋನಮಾಪಕ, ರಚನೆಯ ತೆಳು ಗೆರೆಗಳಿಗೆ 2ಎಚ್ ಪೆನ್ಸಿಲ್, ಅಂತಿಮ ಗೆರೆಗಳಿಗೆ ಎಚ್‌ಬಿ ಪೆನ್ಸಿಲ್, ಕೊನೆಯ ಭಾಗಕ್ಕೆ ಒಂದು ಟ್ರೇಸಿಂಗ್ ಹಾಳೆ ಮತ್ತು ಗುಂಡುಸೂಜಿ. ರಚನೆಯ ಗೆರೆಗಳನ್ನು ಅಳಿಸಬಾರದು ಎಂಬುದು ನನ್ನ ಸಲಹೆ, ಏಕೆಂದರೆ ತಪ್ಪು ಆದಾಗ ಅದು ಎಲ್ಲಿ ಆಯಿತೆಂದು ತೋರಿಸಿಕೊಡುವುದು ಆ ಗೆರೆಗಳೇ.

ನೆಟ್ಟಗೆ ನಿಂತ ಪಟ್ಟಕ

ನೋಟ್‌ಬುಕ್ಕೊಂದನ್ನು ಅರ್ಧ ತೆರೆದು, ಒಂದು ಪುಟ ಮೇಜಿನ ಮೇಲೆ ಮಲಗಿರುವಂತೆಯೂ ಇನ್ನೊಂದು ಪುಟ ಅದಕ್ಕೆ ಲಂಬವಾಗಿ ಹಿಂದೆ ನಿಂತಿರುವಂತೆಯೂ ಹಿಡಿಯಿರಿ. ಮಲಗಿದ ಪುಟ ಅಡ್ಡ ಸಮತಲ, ನಿಂತ ಪುಟ ನಿಲುವು ಸಮತಲ, ಎರಡೂ ಕೂಡುವ ಹೊಲಿಗೆಯ ಸಾಲೇ ಎಕ್ಸ್‌ವೈ ಗೆರೆ. ಮಲಗಿದ ಪುಟದ ಮೇಲೆ ಒಂದು ಬೆಂಕಿಪೊಟ್ಟಣವನ್ನು ನಿಲ್ಲಿಸಿ, ಎದುರಿನಿಂದ ನೋಡಿದರೆ ಕಾಣುವುದನ್ನು ಹಿಂದಿನ ಪುಟದಲ್ಲೂ ಮೇಲಿನಿಂದ ನೋಡಿದರೆ ಕಾಣುವುದನ್ನು ಕೆಳಗಿನ ಪುಟದಲ್ಲೂ ಗುರುತು ಮಾಡಿ, ಪೊಟ್ಟಣವನ್ನು ತೆಗೆದು ಪುಸ್ತಕವನ್ನು ಪೂರ್ತಿ ಬಿಡಿಸಿ. ಮೇಲಿನಿಂದ ಕಂಡ ನೋಟ ಎಕ್ಸ್‌ವೈ ಗೆರೆಯ ಕೆಳಗೆ ಬಂದಿರುತ್ತದೆ. ಭಾರತೀಯ ಮಾನಕ ಬ್ಯೂರೋ ಅನುಸರಿಸುವ ಪ್ರಥಮ ಕೋನ ಪದ್ಧತಿಯೆಂದರೆ ಇದೇ. ಇಲ್ಲಿ ವಸ್ತು ಕಣ್ಣಿಗೂ ಸಮತಲಕ್ಕೂ ನಡುವೆ ಇರುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ತೃತೀಯ ಕೋನ ಪದ್ಧತಿಯಲ್ಲಿ ಸಮತಲವೇ ಗಾಜಿನಂತೆ ನಡುವೆ ಬರುತ್ತದೆ, ಆದ್ದರಿಂದ ನೋಟಗಳ ಸ್ಥಾನ ಅದಲುಬದಲಾಗುತ್ತದೆ. ಯಾವ ಪದ್ಧತಿಯೆಂಬ ಸಂಕೇತವಿಲ್ಲದ ಡ್ರಾಯಿಂಗನ್ನು ವರ್ಕ್‌ಶಾಪಿಗೆ ಕೊಡಬಾರದು. ಎಡಬಲ ತಿರುವುಮುರುವಾದ ಬಿಡಿಭಾಗ ತಯಾರಾಗಿ ಬರುವ ಅಪಾಯವಿದೆ.

ಈ ಎರಡು ಸಮತಲಗಳ ಕ್ರಮವನ್ನು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗಾಸ್ಪಾರ್ ಮಾಂಜ್. ಮೆಜಿಯೆರ್‌ನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಕೋಟೆಯ ವಿನ್ಯಾಸಕ್ಕೆಂದು ಅವನು ಕಂಡುಕೊಂಡ ಈ ವಿಧಾನವನ್ನು ಬಹುಕಾಲ ಸೈನ್ಯದ ಗುಟ್ಟಾಗಿ ಇಡಲಾಗಿತ್ತು. 1795ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಬಹಿರಂಗ ಪಾಠ ಹೇಳಿದ ಮೇಲೆಯೇ ಅದು ಎಲ್ಲರ ಕೈಗೆ ಬಂತು.

ಈಗ ಪಟ್ಟಕವನ್ನು ತೆಗೆದುಕೊಳ್ಳೋಣ. ತಳದ ಬಾಹು 30 ಮಿಮೀ, ಎತ್ತರ 60 ಮಿಮೀ, ತಳದ ಎರಡು ಬಾಹುಗಳು ನಿಲುವು ಸಮತಲಕ್ಕೆ ಸಮಾಂತರ, ಅಕ್ಷ ಆ ಸಮತಲದಿಂದ 40 ಮಿಮೀ ಮುಂದೆ. ತಳ ಮಲಗಿರುವುದರಿಂದ ಅದರ ನಿಜ ಆಕಾರ ಕಾಣುವುದು ಮೇಲಿನ ನೋಟದಲ್ಲಿ, ಹಾಗಾಗಿ ಅಲ್ಲಿಂದಲೇ ಆರಂಭಿಸಬೇಕು. ಎಕ್ಸ್‌ವೈ ಗೆರೆಯ ಕೆಳಗೆ 40 ಮಿಮೀ ದೂರದಲ್ಲಿ ಕೇಂದ್ರವಿಟ್ಟು 30 ಮಿಮೀ ತ್ರಿಜ್ಯದ ವೃತ್ತದಲ್ಲಿ ಷಡ್ಭುಜವನ್ನು ಕೂರಿಸಿ. ಎಡತುದಿಯ ಮೂಲೆಗೆ 1 ಎಂದು ಹೆಸರಿಟ್ಟು, ಹಿಂದಿನ ಬಾಹುವಿನ ಎರಡು ಮೂಲೆಗಳಿಗೆ 2 ಮತ್ತು 3, ಬಲತುದಿಗೆ 4, ಮುಂದಿನ ಬಾಹುವಿಗೆ 5 ಮತ್ತು 6 ಎಂದು ಗುರುತು ಮಾಡಿ. ಇವು ತಳದ ಮೂಲೆಗಳು. ಇವುಗಳ ನೇರಕ್ಕೆ ಮೇಲಿನ ಮುಖದಲ್ಲಿರುವ ಮೂಲೆಗಳನ್ನು ಕ್ರಮವಾಗಿ ಕ, ಖ, ಗ, ಘ, ಚ, ಛ ಎನ್ನೋಣ. ಹಿಂದಿನ ಬಾಹು ಎಕ್ಸ್‌ವೈ ಗೆರೆಯಿಂದ 14 ಮಿಮೀ, ಮುಂದಿನ ಬಾಹು 66 ಮಿಮೀ ದೂರದಲ್ಲಿ ಬಿದ್ದಿದ್ದರೆ ರಚನೆ ಸರಿಯಾಗಿದೆ. ಎದುರುಬದುರು ಬಾಹುಗಳ ನಡುವಿನ ಅಂತರ ಸುಮಾರು 52 ಮಿಮೀ.

ಎಲ್ಲ ಮೂಲೆಗಳಿಂದ ಲಂಬಗಳನ್ನು ಮೇಲಕ್ಕೆತ್ತಿ, ಎಕ್ಸ್‌ವೈ ಗೆರೆಯಿಂದ 60 ಮಿಮೀ ಎತ್ತರದಲ್ಲಿ ನಿಲ್ಲಿಸಿದರೆ ಎದುರು ನೋಟ ಸಿಗುತ್ತದೆ: 60 ಮಿಮೀ ಅಗಲದ ಚೌಕ, ಅದರೊಳಗೆ ಎಡದಿಂದ 15 ಮತ್ತು 45 ಮಿಮೀ ದೂರದಲ್ಲಿ ಎರಡು ನಿಲುವು ಗೆರೆಗಳು. ನಡುವಿನ ಮುಖ ಪೂರ್ಣ 30 ಮಿಮೀ ಕಾಣುತ್ತದೆ, ಅಕ್ಕಪಕ್ಕದ ಮುಖಗಳೂ ಅಷ್ಟೇ ಅಗಲವಾಗಿದ್ದರೂ 15 ಮಿಮೀ ಮಾತ್ರ ಕಾಣುತ್ತವೆ. ಸಮತಲಕ್ಕೆ ಸಮಾಂತರವಾದದ್ದು ನಿಜ ಅಳತೆಯಲ್ಲಿ ಕಾಣುತ್ತದೆ, ಓರೆಯಾದದ್ದು ಕುಗ್ಗುತ್ತದೆ ಎಂಬ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅದರ ವಿಸ್ತಾರವೇ.

ಪಟ್ಟಕವನ್ನು ವಾಲಿಸುವುದು

ಇದೇ ಪಟ್ಟಕ 4ನೆಯ ಮೂಲೆಯನ್ನು ನೆಲಕ್ಕೂರಿ ಬಲಕ್ಕೆ ವಾಲಿದೆ, ಅದರ ತಳ ನೆಲದೊಡನೆ 30° ಕೋನ ಮಾಡುತ್ತಿದೆ ಎಂದುಕೊಳ್ಳಿ. ವಾಲಿದ ವಸ್ತುವಿನ ಮೇಲಿನ ನೋಟವನ್ನು ಊಹೆಯಿಂದ ಎಳೆಯಲು ಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ. ವಾಲಿಸಿದಾಗ ಬದಲಾಗದೆ ಉಳಿಯುವುದು ಯಾವುದು ಎಂದು ಕೇಳಿಕೊಂಡರೆ ದಾರಿ ತಾನಾಗಿ ತೆರೆಯುತ್ತದೆ. ಪಟ್ಟಕ ಎಡಬಲಕ್ಕೆ ಮಾತ್ರ ಹೊರಳಿದೆ, ಹಿಂದುಮುಂದಕ್ಕೆ ಸರಿದಿಲ್ಲ. ಆದ್ದರಿಂದ ಪ್ರತಿ ಮೂಲೆಯೂ ನಿಲುವು ಸಮತಲದಿಂದ ಎಷ್ಟು ದೂರವಿತ್ತೋ ಅಷ್ಟೇ ದೂರದಲ್ಲಿ ಉಳಿದಿದೆ. ಎದುರು ನೋಟದ ಆಕಾರವೂ ಬದಲಾಗಿಲ್ಲ, ಓರೆಯಾಗಿದೆ ಅಷ್ಟೆ.

ಹೀಗಾಗಿ ಕೆಲಸ ಎರಡೇ ಹಂತದ್ದು. ಮೊದಲಿಗೆ ಎದುರು ನೋಟದ ಚೌಕವನ್ನು ಸ್ವಲ್ಪ ಬಲಗಡೆಗೆ, 4ನೆಯ ಬಿಂದು ಎಕ್ಸ್‌ವೈ ಗೆರೆಯ ಮೇಲಿರುವಂತೆಯೂ ತಳದ ಗೆರೆ ಅಲ್ಲಿಂದ ಎಡಮೇಲಕ್ಕೆ 30° ಏರುವಂತೆಯೂ ಮತ್ತೆ ಎಳೆಯಿರಿ, ಹಳೆಯ ಅಂಕಿ ಅಕ್ಷರಗಳನ್ನು ಹಾಗೆಯೇ ನಕಲು ಮಾಡಿ. ಆ ಬಳಿಕ ಈ ಹೊಸ ನೋಟದ ಪ್ರತಿ ಬಿಂದುವಿನಿಂದ ಕೆಳಕ್ಕೆ ಲಂಬವನ್ನೂ, ಹಳೆಯ ಮೇಲಿನ ನೋಟದ ಅದೇ ಹೆಸರಿನ ಬಿಂದುವಿನಿಂದ ಬಲಕ್ಕೆ ಅಡ್ಡಗೆರೆಯನ್ನೂ ಎಳೆಯಿರಿ. ಒಂದೇ ಹೆಸರಿನ ಎರಡು ಗೆರೆಗಳು ಕೂಡುವ ಜಾಗವೇ ಹೊಸ ಮೇಲಿನ ನೋಟದಲ್ಲಿ ಆ ಬಿಂದುವಿನ ಸ್ಥಾನ.

ಫಲಿತಾಂಶವನ್ನು ಅಳೆದು ನೋಡಿ. 4ನೆಯ ಬಿಂದುವಿನಿಂದ ಎಡಕ್ಕೆ 3 ಮತ್ತು 5 ಸುಮಾರು 13 ಮಿಮೀ, 2 ಮತ್ತು 6 ಸುಮಾರು 39 ಮಿಮೀ, 1 ಸುಮಾರು 52 ಮಿಮೀ ದೂರದಲ್ಲಿ ಬೀಳಬೇಕು. ಮೇಲಿನ ಮುಖದ ಪ್ರತಿ ಮೂಲೆ ತನ್ನ ಜೊತೆಗಾರ ಮೂಲೆಗಿಂತ ಸರಿಯಾಗಿ 30 ಮಿಮೀ ಬಲಕ್ಕಿರಬೇಕು, ಏಕೆಂದರೆ 60 ಮಿಮೀ ಉದ್ದದ ಅಂಚುಗಳೆಲ್ಲ ನೆಲದೊಡನೆ 60° ಓರೆಯಾಗಿದ್ದು ಅರ್ಧಕ್ಕೆ ಕುಗ್ಗಿವೆ. ಇಡೀ ನೋಟದ ಉದ್ದ ಸುಮಾರು 82 ಮಿಮೀ.

ಕೊನೆಗೆ ಕಾಣುವ ಮತ್ತು ಮರೆಯಾದ ಅಂಚುಗಳನ್ನು ಬೇರ್ಪಡಿಸಬೇಕು. ಮೊದಲು ಹೊರಗಿನ ಸುತ್ತುಗೆರೆಯನ್ನು ದಪ್ಪಗೆ ಎಳೆಯಿರಿ. ಅದು ಎಂದೂ ಮರೆಯಾಗುವುದಿಲ್ಲ. ಮೇಲಿನಿಂದ ನೋಡುವವರಿಗೆ ಎದುರು ನೋಟದಲ್ಲಿ ಎತ್ತರದಲ್ಲಿರುವುದು ಮೊದಲು ಕಾಣುತ್ತದೆ, ಆದ್ದರಿಂದ ಮೇಲ್ಮುಖದ ಆರೂ ಬಾಹುಗಳು ಮತ್ತು 1–ಕ ಅಂಚು ದಪ್ಪ ಗೆರೆಗಳಾಗುತ್ತವೆ. ನೆಲಕ್ಕೂರಿದ 4ನೆಯ ಮೂಲೆ ಅಡಿಯಲ್ಲಿರುವುದರಿಂದ ಅಲ್ಲಿಗೆ ಬಂದು ಸೇರುವ 3–4, 4–5, 4–ಘ ಅಂಚುಗಳು ತುಂಡುಗೆರೆಗಳಾಗುತ್ತವೆ. ತಳದ 2–3 ಮತ್ತು 5–6 ಬಾಹುಗಳು ಸುತ್ತುಗೆರೆಯ ಮೇಲೆಯೇ ಬೀಳುವುದರಿಂದ ಅವನ್ನು ಬೇರೆಯಾಗಿ ತೋರಿಸುವ ಪ್ರಶ್ನೆಯೇ ಬರುವುದಿಲ್ಲ.

ಒಂದೇ ನೋಟದಲ್ಲಿ ಮೂರು ದಿಕ್ಕು, ಮತ್ತು ಪಟ್ಟಕದ ಮೇಲೆ ಕೂತ ಗೋಳ

ಐಸೊಮೆಟ್ರಿಕ್ ನೋಟದಲ್ಲಿ ಕಣ್ಣು ಈಗಲೂ ಅನಂತ ದೂರದಲ್ಲೇ ಇದೆ, ಆದರೆ ವಸ್ತುವಿನ ಮೂರು ಮುಖ್ಯ ದಿಕ್ಕುಗಳೂ ಹಾಳೆಗೆ ಸಮವಾಗಿ ಓರೆಯಾಗುವಂತೆ ನಿಂತಿದೆ. 1822ರಲ್ಲಿ ಕೇಂಬ್ರಿಡ್ಜಿನ ವಿಲಿಯಂ ಫ್ಯಾರಿಶ್ ಇದನ್ನು ನಿಯಮಬದ್ಧವಾಗಿ ವಿವರಿಸಿದ. ಮೂರು ಅಕ್ಷಗಳೂ ಹಾಳೆಯೊಡನೆ 35°16′ ಕೋನ ಮಾಡುವುದರಿಂದ ಅವುಗಳ ಮೇಲಿನ ಪ್ರತಿ ಅಳತೆಯೂ 0.816ರಷ್ಟಕ್ಕೆ ಕುಗ್ಗುತ್ತದೆ. ಇದಕ್ಕೆ ಬೇಕಾದ ಅಳತೆಪಟ್ಟಿಯನ್ನು ಮಾಡಿಕೊಳ್ಳುವುದು ಸುಲಭ: ಒಂದೇ ಬಿಂದುವಿನಿಂದ 45° ಮತ್ತು 30° ಗೆರೆಗಳನ್ನು ಎಳೆದು, 45° ಗೆರೆಯ ಮೇಲೆ ನಿಜವಾದ ಮಿಲಿಮೀಟರುಗಳನ್ನು ಗುರುತಿಸಿ, ಅಲ್ಲಿಂದ ಕೆಳಕ್ಕೆ ಲಂಬಗಳನ್ನು ಇಳಿಸಿದರೆ ಅವು 30° ಗೆರೆಯನ್ನು ಕತ್ತರಿಸುವ ಬಿಂದುಗಳೇ ಐಸೊಮೆಟ್ರಿಕ್ ಅಳತೆಗಳು. ನೆಟ್ಟಗೆ ನಿಂತ ನಮ್ಮ ಪಟ್ಟಕಕ್ಕೆ 60, 52, 60 ಮಿಮೀ ಅಳತೆಯ ಪೆಟ್ಟಿಗೆಯೊಂದನ್ನು ಕಲ್ಪಿಸಿ, ಅದನ್ನು ಎಳೆದು, ಮೂಲೆಗಳನ್ನು ಪೆಟ್ಟಿಗೆಯ ಅಂಚುಗಳ ಮೇಲೆ ಗುರುತಿಸಿಕೊಳ್ಳಿ. ಷಡ್ಭುಜದ ಓರೆ ಬಾಹುಗಳನ್ನು ನೇರವಾಗಿ ಅಳೆದು ಹಾಕಬಾರದು. ಅವು ಮೂರು ಅಕ್ಷಗಳಲ್ಲಿ ಯಾವುದಕ್ಕೂ ಸಮಾಂತರವಲ್ಲ, ಅವುಗಳ ಕುಗ್ಗುವಿಕೆಯೇ ಬೇರೆ.

ಈ ಪಟ್ಟಕದ ಮೇಲೆ 40 ಮಿಮೀ ವ್ಯಾಸದ ಗೋಳವೊಂದನ್ನು ಕೂರಿಸಿದಾಗ ಬಹಳ ಜನ ಎಡವುತ್ತಾರೆ. ಮೇಲ್ಮುಖದ ನಡುವೆ ಗೋಳ ಮುಟ್ಟುವ ಬಿಂದುವನ್ನು ಗುರುತಿಸಿ, ಅಲ್ಲಿಂದ ನೇರ ಮೇಲಕ್ಕೆ 20 ಮಿಮೀಗೆ ಬದಲು ಐಸೊಮೆಟ್ರಿಕ್ ಅಳತೆಯಲ್ಲಿ 16.3 ಮಿಮೀ ಏರಿ ಕೇಂದ್ರವನ್ನು ಇಡಬೇಕು. ಆದರೆ ಆ ಕೇಂದ್ರದಿಂದ ಎಳೆಯುವ ವೃತ್ತದ ತ್ರಿಜ್ಯ ಪೂರ್ಣ 20 ಮಿಮೀ. ನಿಲುವಾದ ತ್ರಿಜ್ಯ ಹಾಳೆಗೆ ಓರೆಯಾಗಿರುವುದರಿಂದ ಕುಗ್ಗುತ್ತದೆ. ಗೋಳದ ಸುತ್ತುಗೆರೆಯಾದರೋ ಕಣ್ಣಿನ ದಿಕ್ಕಿಗೆ ಲಂಬವಾಗಿರುವ ಮಹಾವೃತ್ತ (ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತ), ಅದು ಯಾವ ಕಡೆಯಿಂದ ನೋಡಿದರೂ ಹಾಳೆಗೆ ಸಮಾಂತರವಾಗಿಯೇ ಇರುತ್ತದೆ, ಆದ್ದರಿಂದ ಕುಗ್ಗುವುದಿಲ್ಲ. ಪರಿಣಾಮವಾಗಿ ವೃತ್ತವು ಮುಟ್ಟುವ ಬಿಂದುವಿಗಿಂತ 3.7 ಮಿಮೀ ಕೆಳಕ್ಕೆ ಇಳಿಯುತ್ತದೆ. ಗೋಳ ಪಟ್ಟಕದೊಳಗೆ ಹೂತುಹೋದಂತಿದೆಯಲ್ಲ ಎಂದು ಗಾಬರಿಯಾಗಿ ಅದನ್ನು ಮೇಲಕ್ಕೆ ಸರಿಸಬೇಡಿ. ಮೇಜಿನ ಮೇಲಿರುವ ಚೆಂಡನ್ನು ಸ್ವಲ್ಪ ಮೇಲಿನಿಂದ ನೋಡಿದರೆ ಅದು ಮೇಜನ್ನು ಮುಟ್ಟುವ ಜಾಗ ಚೆಂಡಿನ ಹೊಟ್ಟೆಯ ಮರೆಯಲ್ಲಿರುತ್ತದೆ. ಚಿತ್ರ ಹೇಳುತ್ತಿರುವುದೂ ಅದನ್ನೇ.

ಗೋಳದ ಮೇಲ್ಮೈಯನ್ನು ಬಿಡಿಸುವುದು

ಗೋಳದ ಸುತ್ತುಗೆರೆಯನ್ನು ಎಳೆಯುವುದು ಒಂದು ಕೆಲಸ, ಅದರ ಮೇಲ್ಮೈಯಲ್ಲಿರುವುದನ್ನು ತೋರಿಸುವುದು ಇನ್ನೊಂದು. ಪಟ್ಟಕದ ಮುಖಗಳನ್ನು ಕತ್ತರಿಸಿ ಹಾಳೆಯ ಮೇಲೆ ಹರಡಬಹುದು. ಗೋಳದ ಯಾವ ತುಂಡನ್ನೂ ಅಳತೆಗೆಡದಂತೆ ಚಪ್ಪಟೆ ಮಾಡಲು ಸಾಧ್ಯವಿಲ್ಲವೆಂಬುದು ಗೌಸ್ 1827ರಲ್ಲಿ ಸಾಧಿಸಿದ ಪ್ರಮೇಯದಿಂದ ಹೊರಡುವ ಫಲ. ಹಾಗಾಗಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು ಎಂದು ಮೊದಲೇ ತೀರ್ಮಾನಿಸಬೇಕು. ಮರ್ಕೇಟರ್ 1569ರ ನಕ್ಷೆಯಲ್ಲಿ ದಿಕ್ಕಿನ ಕೋನವನ್ನು ಉಳಿಸಿಕೊಂಡು ವಿಸ್ತೀರ್ಣವನ್ನು ಬಿಟ್ಟುಕೊಟ್ಟ, ಅದರಿಂದಾಗಿ ಆಫ್ರಿಕದ ಹದಿನಾಲ್ಕನೆಯ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಅದರ ಸಮಕ್ಕೆ ಕಾಣುತ್ತದೆ. ಲ್ಯಾಂಬರ್ಟ್ 1772ರಲ್ಲಿ ವಿಸ್ತೀರ್ಣವನ್ನು ಉಳಿಸುವ ದಾರಿ ಹಿಡಿದ. ಕೈವಾರ ಹಿಡಿದು ಕೂತವರಿಗೆ ಇವೆಲ್ಲಕ್ಕಿಂತ ಹೆಚ್ಚು ಒಲಿಯುವುದು ಸ್ಟೀರಿಯೊಗ್ರಾಫಿಕ್ ಪ್ರಕ್ಷೇಪ. ಅದರಲ್ಲಿ ಕೋನಗಳು ಉಳಿಯುತ್ತವೆ. ಅಷ್ಟೇ ಮುಖ್ಯವಾಗಿ, ಗೋಳದ ಮೇಲಿನ ವೃತ್ತಗಳು ಹಾಳೆಯ ಮೇಲೂ ವೃತ್ತಗಳಾಗಿಯೇ ಬೀಳುತ್ತವೆ, ಕಣ್ಣಿರುವ ಬಿಂದುವಿನ ಮೂಲಕ ಹಾಯುವ ವೃತ್ತಗಳು ಮಾತ್ರ ನೇರ ಗೆರೆಗಳಾಗುತ್ತವೆ.

ಕಣ್ಣು ದಕ್ಷಿಣ ಧ್ರುವದಲ್ಲಿ, ಸಮತಲ ಸಮಭಾಜಕ ವೃತ್ತದಲ್ಲಿ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಎಕ್ಸ್‌ವೈ ಗೆರೆಯ ಮೇಲ್ಭಾಗದಲ್ಲಿ 50 ಮಿಮೀ ತ್ರಿಜ್ಯದ ವೃತ್ತವನ್ನು ಎಳೆಯಿರಿ. ಇದು ಗೋಳದ ಎದುರು ನೋಟ. ನಿಲುವು ವ್ಯಾಸದ ಮೇಲ್ತುದಿಗೆ ಉ, ಕೆಳತುದಿಗೆ ದ ಎಂದು ಹೆಸರಿಡಿ. ಅಡ್ಡ ವ್ಯಾಸವೇ ಸಮಭಾಜಕದ ಸಮತಲವನ್ನು ಅಂಚಿನ ಕಡೆಯಿಂದ ಕಂಡ ನೋಟ. ಕೋನಮಾಪಕವನ್ನು ಕೇಂದ್ರದಲ್ಲಿಟ್ಟು ಬಲಗಡೆಯ ಕಂಸದ ಮೇಲೆ 15°, 30°, 45°, 60°, 75° ಅಕ್ಷಾಂಶಗಳನ್ನು ಗುರುತಿಸಿ. ಈಗ ದ ಬಿಂದುವಿನಿಂದ ಪ್ರತಿ ಗುರುತಿಗೂ ನೇರ ಗೆರೆ ಎಳೆದರೆ ಅದು ಅಡ್ಡ ವ್ಯಾಸವನ್ನು ಕತ್ತರಿಸುವ ಜಾಗವೇ ಆ ಅಕ್ಷಾಂಶದ ಪ್ರಕ್ಷೇಪ. ಆ ಜಾಗಗಳಿಂದ ಲಂಬಗಳನ್ನು ಇಳಿಸಿ, ಎಕ್ಸ್‌ವೈ ಗೆರೆಯ ಕೆಳಗೆ ಮೇಲಿನ ನೋಟದ ಕೇಂದ್ರದಿಂದ ವೃತ್ತಗಳನ್ನು ಎಳೆಯಿರಿ. ಪಟ್ಟಕದ ಮೂಲೆಗಳನ್ನು ಇಳಿಸಿದ ಕ್ರಮಕ್ಕೂ ಇದಕ್ಕೂ ಯಾವ ಭೇದವೂ ಇಲ್ಲ.

ತ್ರಿಜ್ಯಗಳು 75°ಗೆ 6.6, 60°ಗೆ 13.4, 45°ಗೆ 20.7, 30°ಗೆ 28.9, 15°ಗೆ 38.4 ಮಿಮೀ ಬರಬೇಕು. ಲೆಕ್ಕದಿಂದ ತಾಳೆ ನೋಡುವವರು 90°ಯಿಂದ ಅಕ್ಷಾಂಶವನ್ನು ಕಳೆದು, ಉಳಿದದ್ದರ ಅರ್ಧಕ್ಕೆ ಟ್ಯಾನ್ ಹಿಡಿದು 50ರಿಂದ ಗುಣಿಸಲಿ. ಈ ಅರ್ಧ ಎಲ್ಲಿಂದ ಬಂತೆಂದರೆ, ಒಂದೇ ಕಂಸವು ಪರಿಧಿಯಲ್ಲಿ ಮಾಡುವ ಕೋನ ಕೇಂದ್ರದಲ್ಲಿ ಮಾಡುವುದರ ಅರ್ಧ ಎಂದು ಹೈಸ್ಕೂಲಿನಲ್ಲಿ ಕಲಿತ ಪ್ರಮೇಯದಿಂದ. ನಮ್ಮ ಕಣ್ಣು ಪರಿಧಿಯಲ್ಲೇ ಇದೆಯಲ್ಲ.

ಇದೇ ಗೋಳಕ್ಕೆ ಲಂಬ ಪ್ರಕ್ಷೇಪವನ್ನೂ ಪಕ್ಕದಲ್ಲಿ ಎಳೆದು ನೋಡುವುದು ಒಳ್ಳೆಯದು. ಅಕ್ಷಾಂಶದ ಗುರುತುಗಳಿಂದಲೇ ನೇರವಾಗಿ ಲಂಬಗಳನ್ನು ಇಳಿಸಿದರೆ 75°ಯ ತ್ರಿಜ್ಯ 12.9, 15°ಯದು 48.3 ಮಿಮೀ ಆಗುತ್ತದೆ. ಅಂಚಿನ ಹದಿನೈದು ಡಿಗ್ರಿಗೆ ಅಲ್ಲಿ ಉಳಿಯುವುದು 1.7 ಮಿಮೀ ಮಾತ್ರ. ಸ್ಟೀರಿಯೊಗ್ರಾಫಿಕ್‌ನಲ್ಲಿ ಅದಕ್ಕೆ 11.6 ಮಿಮೀ ಸಿಗುತ್ತದೆ. ಲಂಬ ಪ್ರಕ್ಷೇಪದ ಗೋಳ ಕಣ್ಣಿಗೆ ದುಂಡಗೆ ಕಾಣುತ್ತದೆ ನಿಜ, ಆದರೆ ಅದರ ಅಂಚಿನಲ್ಲಿ ಏನನ್ನೂ ಗುರುತಿಸಲಾಗದು. ಸ್ಟೀರಿಯೊಗ್ರಾಫಿಕ್‌ನಲ್ಲಿ ಸಮಭಾಜಕದ ಬಳಿಯ ಉದ್ದಗಳು ಧ್ರುವದ ಬಳಿಯವಕ್ಕಿಂತ ಎರಡರಷ್ಟು, ವಿಸ್ತೀರ್ಣಗಳು ನಾಲ್ಕರಷ್ಟು ಹಿಗ್ಗುತ್ತವೆ. ಕೋನವನ್ನು ಉಳಿಸಿಕೊಂಡದ್ದಕ್ಕೆ ನಾವು ತೆತ್ತ ಬೆಲೆ ಅದು.

ಬೆಂಗಳೂರಿನ ದಿಗಂತ

ಈ ಪ್ರಕ್ಷೇಪದ ಅತ್ಯಂತ ಸುಂದರವಾದ ಬಳಕೆ ಆಸ್ಟ್ರೊಲೇಬ್, ಅಂದರೆ ಆಕಾಶದ ನಕ್ಷೆಯನ್ನು ತಟ್ಟೆಯ ಮೇಲೆ ಕೊರೆದು ನಕ್ಷತ್ರಗಳ ಸ್ಥಾನ ತಿಳಿಯುವ ಉಪಕರಣ. ಸಂಸ್ಕೃತದಲ್ಲಿ ಇದನ್ನು ಯಂತ್ರರಾಜವೆಂದು ಕರೆದರು. ಫಿರೋಜ್ ಷಾ ತುಘಲಕನ ಆಸ್ಥಾನದಲ್ಲಿದ್ದ ಜೈನ ವಿದ್ವಾಂಸ ಮಹೇಂದ್ರ ಸೂರಿ 1370ರಲ್ಲಿ ಅದೇ ಹೆಸರಿನಲ್ಲಿ ಗ್ರಂಥವನ್ನೂ ಬರೆದ. ಜೈಪುರದ ಜಂತರ್ ಮಂತರ್‌ನಲ್ಲಿ ತೂಗುಹಾಕಿರುವ ದೊಡ್ಡ ಲೋಹದ ತಟ್ಟೆಯೂ ಇದೇ ಯಂತ್ರ. ಅದರ ತಟ್ಟೆಯ ಮೇಲೆ ದಿಗಂತದ ಗೆರೆ ಊರಿಂದೂರಿಗೆ ಬೇರೆಯಾಗುತ್ತದೆ. ಬೆಂಗಳೂರಿನ ಅಕ್ಷಾಂಶವನ್ನು 13° ಎಂದಿಟ್ಟುಕೊಂಡು ನಮ್ಮದೇ ದಿಗಂತವನ್ನು ಎಳೆಯೋಣ.

ಈಗ ಮೇಲಿನ ವೃತ್ತವನ್ನು ಆಕಾಶಗೋಳದ, ಅಂದರೆ ನಕ್ಷತ್ರಗಳೆಲ್ಲ ಅಂಟಿಕೊಂಡಿವೆಯೆಂದು ಕಲ್ಪಿಸಿಕೊಳ್ಳುವ ಗೋಳದ, ಎದುರು ನೋಟವೆಂದು ತಿಳಿಯಿರಿ. ನಮ್ಮ ನೆತ್ತಿಯ ಬಿಂದು ಬಲಗಡೆಯ ಕಂಸದಲ್ಲಿ ಸಮಭಾಜಕದಿಂದ 13° ಮೇಲಿದೆ. ಅದಕ್ಕೆ ಲಂಬವಾದ ವ್ಯಾಸವೇ ದಿಗಂತ: ಅದರ ಒಂದು ತುದಿ ಉ ಬಿಂದುವಿನಿಂದ ಎಡಕ್ಕೆ 13° ದೂರದಲ್ಲಿ, ಇನ್ನೊಂದು ತುದಿ ದ ಬಿಂದುವಿನಿಂದ ಬಲಕ್ಕೆ 13° ದೂರದಲ್ಲಿರುತ್ತದೆ. ದ ಬಿಂದುವಿನಿಂದ ಈ ಎರಡು ತುದಿಗಳ ಮೂಲಕ ಗೆರೆ ಎಳೆದರೆ ಮೊದಲನೆಯದು ಅಡ್ಡ ವ್ಯಾಸವನ್ನು ಕೇಂದ್ರದಿಂದ ಎಡಕ್ಕೆ 5.7 ಮಿಮೀ ದೂರದಲ್ಲಿ ಕತ್ತರಿಸುತ್ತದೆ. ಎರಡನೆಯದು ಬಲಕ್ಕೆ 439 ಮಿಮೀ ದೂರ ಹೋಗಿ, ಹಾಳೆಯನ್ನೂ ಬಹುಶಃ ಬೋರ್ಡನ್ನೂ ದಾಟಿ ಮುಟ್ಟುತ್ತದೆ. ಈ ಎರಡು ಬಿಂದುಗಳ ನಡುವಿನ ಉದ್ದವೇ ದಿಗಂತ ವೃತ್ತದ ವ್ಯಾಸ. ಅಂದರೆ ತ್ರಿಜ್ಯ ಸುಮಾರು 222 ಮಿಮೀ, ಕೇಂದ್ರ ಬಲಕ್ಕೆ 217 ಮಿಮೀ ದೂರದಲ್ಲಿ. ಲಂಡನ್ನಿನ 51.5° ಅಕ್ಷಾಂಶಕ್ಕೆ ಇದೇ ತ್ರಿಜ್ಯ 64 ಮಿಮೀ ಮಾತ್ರ. ನಾವು ಸಮಭಾಜಕಕ್ಕೆ ಹತ್ತಿರವಿರುವುದರಿಂದ ನಮ್ಮ ದಿಗಂತ ತಟ್ಟೆಯ ಮೇಲೆ ಹೆಚ್ಚುಕಡಿಮೆ ನೇರ ಗೆರೆಯಂತೆಯೇ ಕಾಣುತ್ತದೆ, ಯುರೋಪಿನ ತಟ್ಟೆಯೊಂದನ್ನು ತಂದು ಇಲ್ಲಿ ಬಳಸಿದರೆ ಅದು ಸುಳ್ಳು ಹೇಳುತ್ತದೆ.

ಮೇಲಿನ ನೋಟದಲ್ಲಿ ಈ ಕಂಸವನ್ನು ಎಳೆಯಲು ಸಾಮಾನ್ಯ ಕೈವಾರ ಸಾಲದು. ದಾರ ಜಗ್ಗುವುದರಿಂದ ಅದೂ ಬೇಡ. ಗಟ್ಟಿ ರಟ್ಟಿನ ಪಟ್ಟಿಯಲ್ಲಿ 222 ಮಿಮೀ ಅಂತರದಲ್ಲಿ ಎರಡು ತೂತು ಮಾಡಿ, ಒಂದರಲ್ಲಿ ಗುಂಡುಸೂಜಿಯನ್ನೂ ಇನ್ನೊಂದರಲ್ಲಿ ಪೆನ್ಸಿಲ್ಲಿನ ಮೊನೆಯನ್ನೂ ಇಟ್ಟು ತಿರುಗಿಸಿ. ಕಂಸವು ಸಮಭಾಜಕ ವೃತ್ತವನ್ನು ಅದರ ನಿಲುವು ವ್ಯಾಸದ ಎರಡು ತುದಿಗಳಲ್ಲಿ ಕರಾರುವಾಕ್ಕಾಗಿ ದಾಟಬೇಕು; ಎಕ್ಸ್‌ವೈ ಗೆರೆಯ ಕಡೆಯದು ಪೂರ್ವ, ಅದರ ಎದುರಿನದು ಪಶ್ಚಿಮ. ದಾಟದಿದ್ದರೆ ಕೇಂದ್ರದ ಸ್ಥಾನವನ್ನು ಮತ್ತೆ ಅಳೆಯಿರಿ. ಕಂಸದ ಬಲಗಡೆಯದೆಲ್ಲ ದಿಗಂತದ ಮೇಲಿನ ಆಕಾಶ. ನಡುವಿನ ಧ್ರುವ ಬಿಂದು ಕಂಸದಿಂದ 5.7 ಮಿಮೀ ಮಾತ್ರ ಒಳಗಿದೆ, ನಮ್ಮ ಊರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 13° ಎತ್ತರದಲ್ಲಷ್ಟೇ ಕಾಣುವುದಕ್ಕೆ ಇದು ತಾಳೆಯಾಗುತ್ತದೆ. ತಟ್ಟೆಯನ್ನು ಮಕರ ಸಂಕ್ರಾಂತಿ ವೃತ್ತದಲ್ಲಿ, ಅಂದರೆ 76 ಮಿಮೀ ತ್ರಿಜ್ಯದಲ್ಲಿ ಕತ್ತರಿಸುವುದು ರೂಢಿ. ಅದರಿಂದಾಗಿ ಅಗಸ್ತ್ಯ ನಕ್ಷತ್ರ ನಮ್ಮ ಆಕಾಶದಲ್ಲಿ ಕಂಡರೂ ತಟ್ಟೆಯಲ್ಲಿ ಜಾಗ ಪಡೆಯುವುದಿಲ್ಲ; ಅದನ್ನು ಗುರುತಿಸಲು 148 ಮಿಮೀ ದೂರ ಹೋಗಬೇಕು.

ಟ್ರೇಸಿಂಗ್ ಹಾಳೆಯನ್ನು ಇದರ ಮೇಲಿಟ್ಟು ಧ್ರುವ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ. ಯಾವುದಾದರೊಂದು ತ್ರಿಜ್ಯವನ್ನು ಸೊನ್ನೆಯೆಂದು ಹಿಡಿದು, ನಕ್ಷತ್ರಗಳ ವಿಷುವಾಂಶವನ್ನು, ಅಂದರೆ ಆಕಾಶದ ಸಮಭಾಜಕದ ಗುಂಟ ಪೂರ್ವಕ್ಕೆ ಅಳೆಯುವ ಕೋನವನ್ನು, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಅಳೆದು ಗುರುತಿಸಿ. ಚಿತ್ರಾ ನಕ್ಷತ್ರದ ವಿಷುವಾಂಶ 13 ಗಂಟೆ 25 ನಿಮಿಷ, ಗಂಟೆಗೆ 15°ಯಂತೆ 201°. ಅದರ ಕ್ರಾಂತಿ, ಅಂದರೆ ಆ ಸಮಭಾಜಕದಿಂದ ಇರುವ ಕೋನದೂರ, ದಕ್ಷಿಣಕ್ಕೆ 11° ಆದ್ದರಿಂದ ಕೇಂದ್ರದಿಂದ ಸುಮಾರು 61 ಮಿಮೀ ದೂರ. ಸ್ವಾತಿ 214°ಯಲ್ಲಿದೆ, ಕ್ರಾಂತಿ ಉತ್ತರಕ್ಕೆ 19°, ದೂರ ಸುಮಾರು 36 ಮಿಮೀ. ನಾವು ಗೋಳವನ್ನು ಹೊರಗಿನಿಂದ, ಮೇಲಿನ ನೋಟವಾಗಿ ಎಳೆದಿದ್ದೇವೆ ಎಂಬುದನ್ನು ಇಲ್ಲಿ ಮರೆಯಬಾರದು. ಆಕಾಶದಲ್ಲಿ ಕಾಣುವ ನಕ್ಷತ್ರಪುಂಜ ಈ ಹಾಳೆಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬೀಳುತ್ತದೆ. ಟ್ರೇಸಿಂಗ್ ಹಾಳೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿದರೆ ಚಿತ್ರಾ ಪೂರ್ವದ ಕಡೆ ಕಂಸವನ್ನು ದಾಟಿ ಒಳಗೆ ಬರುತ್ತದೆ. ಅದು ಅದರ ಉದಯ. ಅದು ಅಡ್ಡ ವ್ಯಾಸದ ಬಲಭಾಗಕ್ಕೆ ಬಂದು ನಿಂತಾಗ ದಕ್ಷಿಣೋತ್ತರ ರೇಖೆಯ ಮೇಲಿರುತ್ತದೆ. ಅಲ್ಲಿಂದ ಮುಂದೆ ಸಾಗಿ ಪಶ್ಚಿಮದ ಕಡೆ ಮತ್ತೆ ಕಂಸವನ್ನು ದಾಟುವವರೆಗೆ ಹಾಳೆ ಎಷ್ಟು ಡಿಗ್ರಿ ತಿರುಗಿತೆಂದು ಕೋನಮಾಪಕದಿಂದ ಅಳೆದು 15ರಿಂದ ಭಾಗಿಸಿದರೆ, ಉದಯದಿಂದ ಅಸ್ತದವರೆಗಿನ ಅವಧಿಯಲ್ಲಿ ಉಳಿದರ್ಧ ಎಷ್ಟು ಗಂಟೆಯೆಂಬುದು ತಿಳಿಯುತ್ತದೆ.